ಪಿಪ್ ಮಾಡಿದ ಮೂವತ್ತು ಜಾರ್

ಮೇ 2, ಶುಕ್ರವಾರ

ಆರು ಜಾರ್ ಮುಗಿಯಿತು. ಏಳನೆಯದರ ಮುಚ್ಚಳಕ್ಕೆ ಅಂಟು ಹಚ್ಚಿ ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ. ಈ ಸಲ ತಂದ ಸೋಲಾರ್ ಗಾರ್ಡನ್ ಲೈಟ್‌ಗಳು ಶುದ್ಧ ಕಳಪೆ. ದೀಪದ ತಲೆ ತಿರುಗಿಸಿದರೆ ಕೈಗೇ ಬರುತ್ತದೆ, ಒಳಗಿನ ತಂತಿ ಕೂದಲೆಳೆ. ಆದರೂ ಪ್ಯಾನೆಲ್ ಪ್ಯಾನೆಲ್ಲೇ. ಕೆಳಗಿನ ಕಡ್ಡಿ ಬಿಸಾಕು, ತಲೆಯನ್ನು ಗಾಜಿನ ಮುಚ್ಚಳದ ಒಳಗೆ ಅಂಟಿಸು, ಜಾರ್‌ಗೆ ಕ್ಲಿಪ್ ಹಾಕು — ಅಷ್ಟೇ. ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದರೆ ತಾನೇ ಹತ್ತಿಕೊಳ್ಳುತ್ತದೆ. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಈ ಊರಲ್ಲಿ ಯಾರ ಮೆಟ್ಟಿಲ ಮೇಲೆ ಇಂಥ ಜಾರ್ ಕಂಡರೂ ಅದು ಈ ನೋಲೀನ್ ಕೈಕೆಲಸ ಎಂದು ಎಲ್ಲರಿಗೂ ಗೊತ್ತು. ಗೊತ್ತಿತ್ತು, ಅನ್ನಬೇಕು. ಈಗ ಮಹಾರಾಣಿ ಬಂದಿದ್ದಾಳಲ್ಲ.

ಬಾಲ್ಯದ ಗೆಳತಿ ಕೋರಲ್ ಫೋನ್ ಮಾಡಿದ್ದಳು. ಜೂನ್ 21ಕ್ಕೆ ಅವಳಿಗೆ ಎಪ್ಪತ್ತು. ಭೂಮಿಯ ದಕ್ಷಿಣ ತುದಿಯ ನಮ್ಮ ಈ ಸೀಮೆಯಲ್ಲಿ ಅದು ವರ್ಷದಲ್ಲೇ ಅತಿ ಚಿಕ್ಕ ಹಗಲು, ಮೈ ಕೊರೆಯುವ ಚಳಿ, ಹುಟ್ಟುವುದಕ್ಕೆ ಬೇರೆ ದಿನ ಸಿಗಲಿಲ್ಲವಾ ಎಂದು ಚಿಕ್ಕಂದಿನಿಂದ ರೇಗಿಸುತ್ತ ಬಂದಿದ್ದೇನೆ. ಈ ಸಲ ಅವಳಿಗೆ ಒಂದೇ ಆಸೆಯಂತೆ. ಕತ್ತಲಾಗುವ ಹೊತ್ತಿಗೆ ಜಗಲಿಯಲ್ಲಿ ಕೂತರೆ, ಕೆಳಗೆ ಹೊಳೆಗೆ ಚಾಚಿದ ಮರದ ಜೆಟ್ಟಿಯುದ್ದಕ್ಕೂ ಜಾರ್‌ಗಳು ಸಾಲಾಗಿ ಬೆಳಗಬೇಕು.

"ಒಂದ್ಸಲ ಕಣ್ತುಂಬ ನೋಡ್ಬಿಡ್ತೀನಿ ಕಣೆ. ಆಮೇಲೆ ಏನ್ ಬೇಕಾದ್ರೂ ಆಗ್ಲಿ."

ಅವಳ ಎಡಗಣ್ಣು ಕಳೆದ ಸೆಪ್ಟೆಂಬರ್‌ನಲ್ಲೇ ಹೋಯಿತು. ಸಕ್ಕರೆ ಕಾಯಿಲೆ. ಇಸ್ತ್ರಿ ಮಾಡುತ್ತಿದ್ದವಳಿಗೆ ಕಣ್ಣೊಳಗೆ ರಕ್ತ ಒಸರಿ, ನಿಂತಲ್ಲೇ ಕತ್ತಲು. ಬಲಗಣ್ಣಿಗೂ ಯಾವಾಗ ಬೇಕಾದರೂ ಹಾಗಾಗಬಹುದು ಎಂದು ಹೋಬರ್ಟ್ ಪೇಟೆಯ ಡಾಕ್ಟರ್ ಹೇಳಿದ್ದಾರೆ.

ಮೂವತ್ತು ಜಾರ್ ಬೇಕಾಗುತ್ತದೆ, ಇವತ್ತೇ ಶುರು ಮಾಡಿದರೆ ಆರಾಮಾಗಿ ಆಗುತ್ತದೆ ಎಂದು ನಾನು ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೆ. ಆಗ ಅಂದಳು:

"ಜಾರ್ ಎಲ್ಲಾ ಪಿಪ್ ಮಾಡ್ತಾಳಂತೆ. ನೀನು ಸಾಸೇಜ್ ರೋಲ್ ಮಾಡ್ಕೊಂಡ್ ಬಾ. ನಿನ್ ಕೈ ರುಚಿ ಯಾರಿಗೂ ಬರಲ್ಲ."

ಸಾಸೇಜ್ ರೋಲ್!

ಮೇ 3

ರಾತ್ರಿಯೆಲ್ಲ ಹೊಟ್ಟೆಯಲ್ಲಿ ಕೆಂಡ. ಹೊಟ್ಟೆಕಿಚ್ಚು ಅಂತಾರಲ್ಲ, ಅದೇ. ಬರೆದರೆ ತಪ್ಪೇನು, ಇದನ್ನು ಓದುವವರು ಯಾರೂ ಇಲ್ಲ.

ಪಿಪ್ — ಪೂರ್ತಿ ಹೆಸರು ಫಿಲಿಪ್ಪಾ — ಇಂಗ್ಲೆಂಡಿನವಳು. ಗಂಡ ಸತ್ತ ಮೇಲೆ ಅಲ್ಲಿ ಎಲ್ಲ ಮಾರಿ, ಮಾರ್ಚ್‌ನಲ್ಲಿ ಇಲ್ಲಿಗೆ ಬಂದು ಸೇಬು ತೋಟದ ಹಿಂದಿನ ಗುಡ್ಡದ ಮನೆ ಕೊಂಡಳು. ಮಂಗಳವಾರ ನಾವೆಲ್ಲ ಊರ ಹಾಲ್‌ನಲ್ಲಿ ಸೇರಿ ಹೊಲಿಗೆ, ಕಸೂತಿ, ಜಾರ್ ಅಂತ ಏನಾದರೂ ಮಾಡುತ್ತೇವೆ. ಅಲ್ಲಿಗೆ ಬಂದಳು. ಜಾರ್ ಮಾಡುವುದನ್ನು ಅವಳಿಗೆ ಹೇಳಿಕೊಟ್ಟವಳು ಯಾರು? ನಾನು. ಪ್ಯಾನೆಲ್ ಬಿಚ್ಚುವುದು, ನೀರು ಹೋಗದ ಹಾಗೆ ಅಂಟು ಹಚ್ಚುವುದು, ಗಾಜಿಗೆ ಮಂಜಿನ ಬಣ್ಣ ಹೊಡೆಯುವುದು, ಎಲ್ಲಾ. ಪುಟ್ಟ ಪುಸ್ತಕ ಹಿಡಿದು ಬರೆದುಕೊಂಡಳು. "ನೀವು ಜೀನಿಯಸ್ ಕಣ್ರೀ" ಎಂದಳು. ನಾನೂ ಉಬ್ಬಿ ಹೋದೆ, ಪೆದ್ದಿ.

ಮೇ 13, ಮಂಗಳವಾರ

ಹಾಲ್‌ಗೆ ಹೋಗಬಾರದಿತ್ತು.

ಪಿಪ್ ಮಾದರಿಗೆ ಅಂತ ಒಂದು ಜಾರ್ ತಂದಿದ್ದಳು. ಗಾಜಿಗೆ ಒಳಗಿನಿಂದ ಜೇನುಬಣ್ಣ, ಹೊರಗೆ ಚಿಪ್ಪಿನ ಪುಡಿ. ಪ್ಯಾನೆಲ್ಲನ್ನು ಕೈಯಿಂದ ಮುಚ್ಚಿದಾಗ ಕತ್ತಲೆಂದುಕೊಂಡು ಹತ್ತಿಕೊಂಡಿತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟದಾಗಿದ್ದರೆ ನಾನೇ ಮೊದಲು ಹೊಗಳುತ್ತಿದ್ದೆ.

ಕೋರಲ್ ಅದನ್ನು ಬಲಗಣ್ಣಿನ ಹತ್ತಿರ ಹಿಡಿದುಕೊಂಡು ಬಿಡಲೇ ಒಲ್ಲಳು.

"ಅಂಚು ಅಂಚು ಕಾಣ್ತಿದೆ ಪಿಪ್! ಹರಡ್ತಾನೇ ಇಲ್ಲ!"

"ನೀಲಿ ಬೆಳಕು ಹರಡ್ಕೊಂಡ್ಹಾಗೆ ಕಾಣುತ್ತೆ ಅಂದಿದ್ರಲ್ಲ, ಅದಕ್ಕೆ ಬಲ್ಬೇ ಬದಲಾಯಿಸ್ದೆ. ಹಳದಿ ಹಾಕ್ದೆ" ಎಂದಳು ಪಿಪ್.

ಅಂದರೆ ಇಷ್ಟು ವರ್ಷ ನಾನು ಕೊಟ್ಟ ನೀಲಿ ಬೆಳಕಿನ ಜಾರ್‌ಗಳೆಲ್ಲ ಕೋರಲ್‌ಗೆ ಬರೀ ಹರಡಿದ ಬೆಳಕು. ನನಗೆ ಯಾಕೆ ಹೇಳಲಿಲ್ಲ? ಹೇಳಿರಬಹುದು. ನಾನು ಕೇಳಿಸಿಕೊಂಡಿರಲಿಕ್ಕಿಲ್ಲ. ಒಂದನೇ ಕ್ಲಾಸಿನಿಂದ ಅರವತ್ತನಾಲ್ಕು ವರ್ಷದ ಸ್ನೇಹ ನಮ್ಮದು. ಸೇಬು ಪ್ಯಾಕಿಂಗ್ ಶೆಡ್‌ನಲ್ಲಿ ಮೂವತ್ತು ವರ್ಷ ಒಂದೇ ಬೆಂಚಿನ ಆಚೆ ಈಚೆ ನಿಂತು ದುಡಿದವರು. ನಿನ್ನೆ ಮೊನ್ನೆ ಬಂದವಳು ಒಂದೇ ಒಂದು ಪ್ರಶ್ನೆ ಕೇಳಿ ಎಲ್ಲಾ ಹೊಡೆದುಕೊಂಡು ಹೋದಳು.

ಎಲ್ಲರೂ ಅವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ. ನನ್ನ ಚಹಾ ಆರಿ ತಣ್ಣಗಾಯಿತು.

ಮೇ 17, ಶನಿವಾರ

ರಾತ್ರಿ 9. ಮಧ್ಯಾಹ್ನ ಪಿಪ್ ಮನೆಗೆ ಹೋಗಿ ಬಂದೆ. ಖಾಲಿ ಜಾರ್ ಹನ್ನೆರಡು ಬೇಕು ಅಂದಿದ್ದಳು, ಕೊಡಲು ಹೋದೆ. ಕೊಡುವ ನೆಪ, ನೋಡುವ ಆಸೆ.

ಮೂವತ್ತಕ್ಕೆ ಹದಿನೆಂಟು ಆಗಲೇ ಸಿದ್ಧ. ಶೆಡ್‌ನ ಹಿಂದೆ ಮರದ ಸ್ಟ್ಯಾಂಡ್ ಮಾಡಿದ್ದಾಳೆ, ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ, ಒಂದೊಂದು ಜಾರ್ ಮಲಗಿಸುವ ಹಾಗೆ ಗೂಡು. ಮುಚ್ಚಳಗಳೆಲ್ಲ ಒಂದೇ ಕಡೆ ಮುಖ. ಬಡಗಿಯನ್ನೂ ನಾಚಿಸುವ ಕೆಲಸ.

"ಹೇಗಿದೆ? ಪಕ್ಕಾ ದಕ್ಷಿಣಕ್ಕೆ ಇಟ್ಟಿದ್ದೀನಿ. ಕಂಪಾಸ್ ಹಿಡಿದು!" ಎಂದಳು.

ನಾನು ತಲೆಯೆತ್ತಿ ಗುಡ್ಡದ ಕಡೆ ನೋಡಿದೆ.

ದಕ್ಷಿಣ! ಇಲ್ಲಿ ಚಳಿಗಾಲದಲ್ಲಿ ಸೂರ್ಯ ಇಡೀ ದಿನ ಉತ್ತರದ ಬೆಟ್ಟದ ಮೇಲೇ ತೆವಳಿಕೊಂಡು ಹೋಗುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದರೆ ಸಿಗುವುದು ಗುಡ್ಡದ ನೆರಳು ಮತ್ತು ಅಂಟಾರ್ಕ್ಟಿಕಾದ ಗಾಳಿ. ಸಾಲದ್ದಕ್ಕೆ ಬೆನ್ನಿಗೆ ಶೆಡ್ ಬೇರೆ. ನಮ್ಮ ಊರಿನ ಮೂರು ವರ್ಷದ ಮಗುವಿಗೂ ಬೆಕ್ಕು ಬಿಸಿಲಿಗೆ ಯಾವ ಕಿಟಕಿಯಲ್ಲಿ ಮಲಗುತ್ತದೆ ಎಂದು ಗೊತ್ತು.

"ನಮ್ ಇಂಗ್ಲೆಂಡಲ್ಲಿ ಬಿಸಿಲು ಬೀಳೋ ದಕ್ಷಿಣದ ಗೋಡೆ ಅಂದ್ರೆ ಬಂಗಾರ. ನಲವತ್ತು ವರ್ಷ ಅಲ್ಲೇ ಪೇರ್ ಹಣ್ಣಿನ ಗಿಡ ಹಬ್ಬಿಸಿದ್ದೆ" ಎಂದಳು. ಹೇಳುವಾಗ ಗಂಡನ ನೆನಪಾಯಿತೇನೋ, ಸ್ಟ್ಯಾಂಡಿನ ಮರವನ್ನು ಸವರಿದಳು.

"ಹತ್ತುತ್ತಾ?" ಎಂದು ಕೇಳಿದೆ.

ಒಂದನ್ನು ತೆಗೆದು ಕೋಟಿನೊಳಗೆ ಹಿಡಿದು ತೋರಿಸಿದಳು. ಜೇನುಬಣ್ಣದಲ್ಲಿ ಹತ್ತಿತು. ಹತ್ತದೇ ಏನು? ಹೊಸ ಬ್ಯಾಟರಿಯಲ್ಲಿ ಅಂಗಡಿಯಿಂದ ಬರುವಾಗಲೇ ಒಂದಿಷ್ಟು ಚಾರ್ಜ್ ಇರುತ್ತದೆ, ಮೂರು ನಾಲ್ಕು ರಾತ್ರಿಗೆ ಸಾಕು. ಆಮೇಲೆ ಗೊತ್ತಾಗುವುದು. ಅವಳು ದಿನಾ ಸಂಜೆ ಒಂದು ಗಂಟೆ ಎಲ್ಲವನ್ನೂ ಹತ್ತಿಸಿ ನೋಡಿ ಖುಷಿಪಡುತ್ತಾಳಂತೆ.

"ಉತ್ತರಕ್ಕೆ ತಿರುಗಿಸು ಮಾರಾಯ್ತಿ." ಮೂರೇ ಪದ. ನಾಲಿಗೆಯ ತುದಿಗೆ ಬಂದಿತ್ತು.

"ಸ್ಟ್ಯಾಂಡ್ ಚೆನ್ನಾಗಿದೆ" ಎಂದು ಹೇಳಿ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಮರ್ವ್‌ಗೆ ಹೇಳಿದೆ. ನನ್ನ ಗಂಡ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಕ್ಕ. ಆಮೇಲೆ ಫೋರ್ಕ್ ಕೆಳಗಿಟ್ಟ.

"ಹೇಳ್ದೆ ತಾನೇ ಅವಳಿಗೆ?"

"ಹೇಳ್ತೀನಿ ಬಿಡು."

ಮೇ 20

ಹಾಲ್‌ನಲ್ಲಿ ಪಿಪ್ ಸಿಕ್ಕಳು. ಹೇಳಲಿಲ್ಲ. ಕೋರಲ್ ಅವಳ ತೋಳು ಹಿಡಿದುಕೊಂಡು ಮೆಟ್ಟಿಲಿಳಿದಳು. ಆ ತೋಳು ಯಾವಾಗಲೂ ನನ್ನದಾಗಿರುತ್ತಿತ್ತು.

ಮರ್ವ್ ಕೇಳಿದ. ಹ್ಞೂಂ, ಹೇಳಿದೆ ಎಂದೆ. ನಲವತ್ತಾರು ವರ್ಷದ ಸಂಸಾರದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ನೆನಪಿಲ್ಲ.

ಜೂನ್ 5

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಒಂದೇ ವಿಷಯ.

ಇವತ್ತು ಕೋರಲ್‌ನ ಕಣ್ಣಿನ ತಪಾಸಣೆ. ಹೋಬರ್ಟ್‌ಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ, ಮೊದಲಿನಿಂದಲೂ. ಹಿಂತಿರುಗುವಾಗ ಮೀನು-ಚಿಪ್ಸ್ ತಿಂದು, ದಡದ ಮೇಲೆ ಕೂತು ಊರಿನವರನ್ನೆಲ್ಲ ಆಡಿಕೊಂಡು ಬರುವುದು ನಮ್ಮ ಪದ್ಧತಿ. ಬೆಳಿಗ್ಗೆ ಎಂಟಕ್ಕೆ ಕಾರು ತೆಗೆದುಕೊಂಡು ಹೋದರೆ ಮನೆಗೆ ಬೀಗ. ಆಮೇಲೆ ಫೋನ್ ಮಾಡಿದಳು.

"ಅಯ್ಯೋ, ಹೇಳೋದೇ ಮರೆತೋಯ್ತು ಕಣೆ. ಪಿಪ್ ಹೇಗೂ ಪೇಟೆಗೆ ಹೋಗ್ತಿದ್ಳು. ನಿಂಗ್ಯಾಕೆ ತೊಂದ್ರೆ ಅಂತ."

ತೊಂದರೆಯಂತೆ. ನನಗೆ!

ಇವತ್ತೇ ತೀರ್ಮಾನಿಸಿದೆ. ಹೇಳುವುದಿಲ್ಲ. ಆಗುವುದು ಆಗಲಿ. ಎಲ್ಲರೂ ನೋಡುತ್ತಿರುವಾಗ ಅವಳ ಜೇನುಬಣ್ಣದ ಜಾರ್‌ಗಳು ಕಣ್ಣು ಮುಚ್ಚಿಕೊಳ್ಳಲಿ. ಆಗ ನಾನು ನನ್ನ ಮೂವತ್ತು ಜಾರ್ ತಂದು ಇಡುತ್ತೇನೆ. ಕೋರಲ್‌ಗೆ ಬೆಳಕು ಸಿಗುತ್ತದೆ. ಅವಳಿಗೆ ನಷ್ಟವೇನಿಲ್ಲ. ಯಾರು ಯಾರೆಂದು ಒಂದು ಸಲ ಗೊತ್ತಾದರೆ ಸಾಕು.

ಜೂನ್ 8

ಜಾರ್ ಮೂವತ್ತೂ ಕೋಳಿಗೂಡಿನ ತಗಡಿನ ಮೇಲೆ, ಉತ್ತರದ ಇಳಿಜಾರಿನಲ್ಲಿ. ಎರಡು ವಾರ ಚಾರ್ಜ್ ತುಂಬಲಿ. ಕೋಳಿಗಳಿಗೆ ಗಲಾಟೆ.

ಮರ್ವ್: "ಇಷ್ಟೊಂದ್ ಯಾಕೆ?"

ನಾನು: "ಹೆಚ್ಚಿಗೆ ಇರ್ಲಿ ಅಂತ."

ಕೂದಲಿಲ್ಲದ ತಲೆ ಕೆರೆದುಕೊಂಡು ಹೋದ.

ಜೂನ್ 14, ಶನಿವಾರ

ಪಿಪ್ ಫೋನ್ ಮಾಡಿದಳು. ದನಿ ಸಣ್ಣಗಿತ್ತು.

"ನೋಲೀನ್, ಒಂದ್ವಾರದಿಂದ ಸ್ವಿಚ್ ಆಫ್ ಮಾಡಿ ಇಟ್ಟಿದ್ದೆ, ಚಾರ್ಜ್ ತುಂಬ್ಕೊಳ್ಲಿ ಅಂತ. ಇವತ್ತು ಎರಡು ತೆಗೆದು ನೋಡಿದ್ರೆ ಮಂಕು. ಏನಾದ್ರೂ ತಪ್ಪು ಮಾಡ್ತಿದ್ದೀನಾ? ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ."

ನೇರವಾಗಿ ಕೇಳಿದಳು. ಇನ್ನೂ ಒಂದು ವಾರ ಇತ್ತು. ತಿರುಗಿಸಿದ್ದರೆ ಸಾಕಾಗುತ್ತಿತ್ತು.

"ಮೋಡ ಅಲ್ವಾ ಈಗ. ಎಲ್ಲರದ್ದೂ ಹಂಗೇ. ಮುಟ್ಟಕ್ಕೆ ಹೋಗ್ಬೇಡಿ, ಸರಿ ಹೋಗುತ್ತೆ."

"ಬದುಕಿದೆ! ಥ್ಯಾಂಕ್ಸ್ ಕಣ್ರೀ. ನೀವು ಹೇಳಿದ್ರೆ ಮುಗೀತು."

ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡೆ. ಕೈಗೆ ಏನೂ ಆಗಿರಲಿಲ್ಲ. ಅಂಟೂ ಇರಲಿಲ್ಲ.

ಜೂನ್ 22, ಭಾನುವಾರ

ಬೆಳಿಗ್ಗೆ 9. ಎಲ್ಲವನ್ನೂ ಬರೆಯುತ್ತೇನೆ, ಒಂದೂ ಬಿಡದೆ.

ನಿನ್ನೆ ಸಾಯಂಕಾಲ ನಾಲ್ಕಕ್ಕೆ ಕೋರಲ್ ಮನೆ. ಇಪ್ಪತ್ತೈದು ಜನ. ಡಿಕ್ಕಿಯಲ್ಲಿ ಮೂವತ್ತು ಜಾರ್, ಮೇಲೆ ಕಂಬಳಿ, ಕಂಬಳಿಯ ಮೇಲೆ ಸಾಸೇಜ್ ರೋಲ್‌ನ ಎರಡನೇ ಟ್ರೇ. ಕಾರನ್ನು ಜೆಟ್ಟಿಯ ಪಕ್ಕದ ದೋಣಿ ಶೆಡ್ಡಿನ ಹಿಂದೆ ನಿಲ್ಲಿಸಿದೆ.

ಕೋರಲ್ ಜಗಲಿಯಲ್ಲಿ ದೊಡ್ಡ ಕುರ್ಚಿ, ಕಾಲಿಗೆ ಶಾಲು, ಹೊಸ ಕೆಂಪು ಸ್ವೆಟರ್. ಪಕ್ಕದಲ್ಲಿ ಮರ್ವ್‌ನನ್ನು ಕೂರಿಸಿದ್ದರು. ಐದು ದಾಟಿ ಕತ್ತಲಿಳಿಯಿತು. ಮೋಡ, ಚಂದ್ರನಿಲ್ಲ. ಮನೆಯ ದೀಪವನ್ನೆಲ್ಲ ಪಿಪ್ ಆರಿಸಿದಳು. "ಈಗ ಹತ್ತುತ್ತೆ ಕೋರಲ್, ಹೊಳೆ ಕಡೇನೇ ನೋಡ್ತಿರಿ!" ಎಂದಳು.

ನಾನು ಆಗಲೇ "ಇನ್ನೊಂದು ಟ್ರೇ ತರ್ತೀನಿ" ಎಂದು ಜಾರಿಕೊಂಡಿದ್ದೆ. ಕಾರಿನಲ್ಲಿ ಕೂತು ಕಿಟಕಿ ಇಳಿಸಿದೆ.

ಜೆಟ್ಟಿಯ ಮೇಲೆ ಪಿಪ್ ಇಟ್ಟಿದ್ದ ಮೂವತ್ತರಲ್ಲಿ ಮೂರು ನಾಲ್ಕು ಜಾರ್ ಹತ್ತಿದವು. ಹಳದಿ ಚುಕ್ಕಿ. ಒಂದು ನಿಮಿಷವೂ ಇರಲಿಲ್ಲ, ಒಂದೊಂದಾಗಿ ಆರಿದವು. ಉಳಿದವು ಹತ್ತಲೇ ಇಲ್ಲ. ಪಿಪ್ ಕೆಳಗೆ ಓಡಿ ಬಂದು ಮುಚ್ಚಳ ತಟ್ಟುವುದು, ಸ್ವಿಚ್ ಒತ್ತುವುದು, ಪಿಸುಗುಡುವುದು, ಎಲ್ಲ ಕೇಳಿಸುತ್ತಿತ್ತು. ಮೇಲಿನಿಂದ ಜನ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಿದ್ದರು. ನಮ್ಮೂರಿನ ಚಾಳಿ ಇದು. ಕೇಕ್ ಸುಟ್ಟರೂ, ಮದುವೆಯ ಟೆಂಟ್ ಹಾರಿಹೋದರೂ, ಮಾಡಿದವರಿಗೆ ಬೇಜಾರಾಗಬಾರದು ಎಂದು ಎಲ್ಲರೂ ಸೇರಿ ಚೆನ್ನಾಗಿದೆ ಅನ್ನುವುದು. ಕತ್ತಲಲ್ಲಿ ಕೂತು ಚೆನ್ನಾಗಿದೆಯಂತೆ! ನಾನು ಬಾಯಿಗೆ ಕೈಗವಸು ಒತ್ತಿಕೊಂಡು ನಕ್ಕೆ.

ಆಗಲೇ ಹೋಗಬಹುದಿತ್ತು. ಹೋಗಲಿಲ್ಲ. ಎಲ್ಲರಿಗೂ ಚೆನ್ನಾಗಿ ಅರ್ಥವಾಗಲಿ ಎಂದು ಕಾರಿನ ಗಡಿಯಾರ ನೋಡುತ್ತ ಕೂತೆ. ಹತ್ತು ನಿಮಿಷ.

ಆಮೇಲೆ ಡಿಕ್ಕಿ ತೆರೆದು ಕಂಬಳಿ ಎಳೆದೆ. ಮೂವತ್ತೂ ಒಳಗೇ ಹತ್ತಿಕೊಂಡಿದ್ದವು. ಬೆಳಕು ನನ್ನ ಮುಖಕ್ಕೇ ರಾಚಿತು. ಎರಡೆರಡು ಎತ್ತಿಕೊಂಡು ಹೋಗಿ ಜೆಟ್ಟಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತ ಬಂದೆ. ಪಿಪ್ ಬಾಯಿ ಬಿಟ್ಟು ನೋಡಿದಳು. ಆಮೇಲೆ ತಾನೂ ಓಡಿ ಓಡಿ ತಂದು ಇಟ್ಟಳು. ಮೇಲಿನಿಂದ ಈ ಸಲ ನಿಜವಾದ ಕೇಕೆ, ಚಪ್ಪಾಳೆ.

ಮೇಲೆ ಹೋದಾಗ ಕೋರಲ್ ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಡಲಿಲ್ಲ. ಮುಖವೆಲ್ಲ ಒದ್ದೆ.

"ನೀಲಿ. ಹರಡ್ಕೊಂಡಿರೋ ನೀಲಿ. ನಿನ್ನವೇ ಅಂತ ಗೊತ್ತಾಯ್ತು ಕಣೆ."

ಮರ್ವ್ ಪಿಪ್‌ಗೆ ಹೇಳಿದ, ಇಲ್ಲಿ ಸೂರ್ಯ ಉತ್ತರಕ್ಕೆ ಅಂತ. ಅವಳು ಹಣೆ ಬಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. "ನಲವತ್ತು ವರ್ಷದ ಚಾಳಿ! ಕಂಪಾಸ್ ಬೇರೆ ಹಿಡ್ಕೊಂಡು ಇಟ್ನಲ್ಲಾ!" ಎಂದು ನನ್ನನ್ನು ತಬ್ಬಿಕೊಂಡಳು. "ನೀವಿಲ್ದಿದ್ರೆ ನಾನು ಇವತ್ತು ಹೊಳೆಗೇ ಹಾರ್ಬೇಕಿತ್ತು."

ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಏನು ಬಯಸಿದ್ದೆನೋ ಅಷ್ಟೂ, ಒಂದು ಚೂರೂ ಕಡಿಮೆಯಿಲ್ಲದೆ ಆಯಿತು.

ಮರ್ವ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವನು ಯಾವಾಗಲೂ ಮಾತಾಡುವುದಿಲ್ಲ. ಆದರೆ ಇದು ಬೇರೆ.

ಜೂನ್ 24, ಮಂಗಳವಾರ

ಕೋರಲ್ ಕರೆದಳು. ಚಹಾಕ್ಕೆ, ನನ್ನೊಬ್ಬಳನ್ನೇ. ಕುಣಿಯುತ್ತ ಹೋದೆ.

ಅಡುಗೆಮನೆಯಲ್ಲಿ ಕೂತೆವು. ಬಿಸ್ಕೆಟ್ ಡಬ್ಬಿ ತೆರೆದಿಟ್ಟಳು, ತಾನು ಮುಟ್ಟಲಿಲ್ಲ. ಟೇಬಲ್ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತ ಕೂತಿದ್ದಳು.

"ನಿಂಗೊಬ್ಳಿಗೇ ಹೇಳ್ತಿದ್ದೀನಿ. ಪಿಪ್‌ಗಂತೂ ಹೇಳ್ಲೇಬೇಡ, ಪಾಪ, ಸತ್ತೇ ಹೋಗ್ತಾಳೆ."

"ಏನು?"

"ಆವತ್ತು ಪಿಪ್ 'ಈಗ ಹತ್ತುತ್ತೆ ನೋಡಿ' ಅಂದ್ಳಲ್ಲ. ನಾಲ್ಕು ಚುಕ್ಕಿ ಕಾಣಿಸ್ತು. ಆಮೇಲೆ ಅದೂ ಹೋಯ್ತು. ಕಪ್ಪು. ಸುತ್ತ ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ದಾರೆ. ಪಕ್ಕದಲ್ಲಿ ನಿನ್ ಗಂಡನೂ ಅಂದ. ನಂಗೆ ಏನೂ ಕಾಣ್ತಿಲ್ಲ ನೋಲೀನ್."

ನನ್ನ ಕೈಯಲ್ಲಿದ್ದ ಕಪ್ ಕೆಳಗಿಡಲು ಆಗಲಿಲ್ಲ.

"ಎಲ್ಲರಿಗೂ ಕಾಣ್ತಿದೆ, ನಂಗೊಬ್ಳಿಗೇ ಕಾಣ್ತಿಲ್ಲ ಅಂದ್ರೆ ಏನರ್ಥ? ಹೋಯ್ತು, ಇದೂ ಹೋಯ್ತು, ಹುಟ್ಟಿದ್ ದಿನವೇ ಹೋಯ್ತು ಅಂದ್ಕೊಂಡೆ. ಇಸ್ತ್ರಿ ಮಾಡ್ವಾಗ ಆಗಿದ್ದೂ ಥೇಟ್ ಹಾಗೇ."

"ಕೂಗ್ಬಾರ್ದಿತ್ತಾ?"

"ಅಷ್ಟು ಜನ ಬಂದಿದ್ದಾರೆ, ಪಿಪ್ ಅಷ್ಟು ಕಷ್ಟಪಟ್ಟಿದ್ದಾಳೆ, ಈಗಲೇ ಯಾಕೆ ಎಲ್ಲರ ಖುಷಿ ಹಾಳ್ಮಾಡ್ಲಿ ಅಂತ ಸುಮ್ನೆ ಕೂತೆ. ನಾನೂ 'ಚೆನ್ನಾಗಿದೆ' ಅಂದೆ ಕಣೆ." ನಕ್ಕಳು. "ಶಾಲಿನ ಒಳಗೆ ಕೈ ಹಿಸುಕ್ಕೊಂಡು, ಇನ್ಮೇಲೆ ಇಷ್ಟೇ, ಒಲೆ ಹೇಗೆ ಹಚ್ಚೋದು, ಮೆಟ್ಟಿಲು ಎಷ್ಟಿದೆ ಅಂತ ಎಣಿಸ್ತಾ ಇದ್ದೆ. ಎಷ್ಟು ಹೊತ್ತೋ ಏನೋ. ಒಂದು ರಾತ್ರಿ ಕಳೆದ್ಹಾಗಾಯ್ತು. ಆಮೇಲೆ ನಿನ್ ನೀಲಿ ಬೆಳಕು ಬಂತು."

ಎದ್ದು ಬಂದು ನನ್ನ ತಲೆಯ ಮೇಲೆ ಕೆನ್ನೆ ಇಟ್ಟಳು.

"ನೀನು ನಂಗೆ ಕಣ್ಣು ವಾಪಸ್ ಕೊಟ್ಟೆ ಅಂತ್ಲೇ ಲೆಕ್ಕ. ಇದನ್ನ ಹೇಳ್ಬೇಕಿತ್ತು. ಅದಕ್ಕೇ ಕರೆದೆ."

ಹತ್ತು ನಿಮಿಷ ಕೋರಲ್, ಎಂದು ಹೇಳಬೇಕಿತ್ತು. ಒಂದು ರಾತ್ರಿಯಲ್ಲ, ಸರಿಯಾಗಿ ಹತ್ತು ನಿಮಿಷ, ನನಗೆ ಗೊತ್ತು. ಹೇಳಲಿಲ್ಲ. ಚಹಾ ಕುಡಿದೆ. ಇನ್ನೊಂದು ಬಿಸ್ಕೆಟ್ ತಿಂದೆ. ಮುಂದಿನ ತಿಂಗಳು ಹೋಬರ್ಟ್‌ಗೆ ನೀನೇ ಕರ್ಕೊಂಡ್ ಹೋಗು, ಮೀನು-ಚಿಪ್ಸ್ ತಿನ್ನೋಣ ಎಂದಳು. ಹ್ಞೂಂ ಎಂದೆ.

ಜೂನ್ 25

ಬೆಳಿಗ್ಗೆ 6.40. ಹೊರಗೆಲ್ಲ ಇಬ್ಬನಿ ಹೆಪ್ಪುಗಟ್ಟಿದೆ. ಇವತ್ತು ಹೋಗಿ ಹೇಳಬೇಕು. ಅಲ್ಲಿಗೆ ಹೋದ ಮೇಲೆ ಬಾಯಿ ಕಟ್ಟುತ್ತದೆ, ಅದಕ್ಕೆ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಕೋರಲ್, ಪಿಪ್‌ದು ಏನೂ ತಪ್ಪಿಲ್ಲ — ಬೇಡ. ಅವಳಿಂದ ಶುರು ಮಾಡಿದರೆ ಮತ್ತೆ ಅವಳ ಹೆಗಲ ಮೇಲೆ ಹಾಕಿದ ಹಾಗೆ.

ಕೋರಲ್, ನಂಗೆ ಮೇ ತಿಂಗಳಿಂದಲೇ ಗೊತ್ತಿತ್ತು — ಇದು ನಿಜ. ಆದರೆ ಇದು ಪಿಪ್‌ಗೆ ಮಾಡಿದ್ದು. ಕೋರಲ್‌ಗೆ ಮಾಡಿದ್ದು ಬೇರೆ.

ಕೋರಲ್, ನೀನು ಮೆಟ್ಟಿಲು ಎಣಿಸ್ತಿದ್ದಾಗ ನಾನು ಅಲ್ಲೇ ಕೆಳಗೆ, ಕಾರಲ್ಲಿ, ನಗ್ತಾ ಕೂತಿದ್ದೆ. ಹತ್ತು ನಿಮಿಷ.